ಬಿಟ್ಟು ಹೋಗಲಾಗದ ದುಡಿಮೆ ಕಾಯಕವಲ್ಲ



‘ಕಾಯಕ’ ಎಂಬ ಮಾತನ್ನು ಈಗ ಎಲ್ಲರೂ ಸಲೀಸಾಗಿ ಬಳಸುತ್ತಾರೆ. ಆಳಿನಿಂದ ಹೊತ್ತು ಮೀರಿ ದುಡಿಸಿಕೊಳ್ಳುವವರೂ ಅದನ್ನೇ ಉಪದೇಶಿಸುತ್ತಾರೆ. ನನ್ನದು ಒಂದೇ ಪ್ರಶ್ನೆ: ದುಡಿಯುವವನು ನಾಳೆ ಬೆಳಿಗ್ಗೆ ಆ ಕೆಲಸ ಬಿಟ್ಟು ಹೋಗಬಲ್ಲನೇ? ಹೋಗಲಾರದಿದ್ದರೆ ಅದಕ್ಕೆ ಕನ್ನಡದಲ್ಲಿ ಬೇರೆ ಹೆಸರಿದೆ, ಜೀತ.

ಜೀತ ಅಜ್ಜನ ಕಾಲಕ್ಕೇ ಮುಗಿಯಿತು ಎಂದು ನಂಬಿದವರು ನಮ್ಮಲ್ಲಿ ಬಹಳ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದಾಗಿ ಎರಡು ದಶಕ ಕಳೆದ ಮೇಲೆ, 2000ದಲ್ಲಿ, ಮಂಡ್ಯ ಜಿಲ್ಲೆಯ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕೂಲಿಗಳು ಕಾಲಿಗೆ ಸರಪಳಿ ಹಾಕಿಸಿಕೊಂಡು ಕಲ್ಲು ಒಡೆಯುತ್ತಿದ್ದುದು ಬೆಳಕಿಗೆ ಬಂತು. ಜಗತ್ತಿನ ಲೆಕ್ಕವೂ ಸಣ್ಣದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತಿತರ ಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಸುಮಾರು 4.96 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದಾರೆ, ಅವರಲ್ಲಿ 2.76 ಕೋಟಿ ಜನರದು ಬಲವಂತದ ದುಡಿಮೆ.

ಇಂದಿನ ಜೀತಕ್ಕೆ ಸರಪಳಿ ಬೇಕಿಲ್ಲ, ಮುಂಗಡ ಸಾಕು. ನಾನು ಮತ್ತಿಕೆರೆಯವನು. ಪಕ್ಕದ ಯಶವಂತಪುರ ನಿಲ್ದಾಣದಲ್ಲಿ ಗಂಟುಮೂಟೆ, ಕೈಮಕ್ಕಳೊಂದಿಗೆ ಇಳಿಯುವ ಕುಟುಂಬಗಳನ್ನು ದಿನವೂ ಕಾಣಬಹುದು. ಹೆಚ್ಚಿನವರು ಸ್ವಇಚ್ಛೆಯಿಂದ ದುಡಿಯಲು ಬಂದವರೇ. ಆದರೆ ಊರಿನಲ್ಲಿ ಮದುವೆಗೋ ಆಸ್ಪತ್ರೆಗೋ ಮೇಸ್ತ್ರಿಯಿಂದ ಮುಂಗಡ ಪಡೆದವರ ಕಥೆ ಬೇರೆ. ಲೆಕ್ಕದ ಪುಸ್ತಕ ಮೇಸ್ತ್ರಿಯ ಕೈಯಲ್ಲಿ. ವಾರದ ಖರ್ಚಿಗೆ ಇಷ್ಟು ಎಂದು ಕೊಡುತ್ತಾನೆ, ಉಳಿದದ್ದು ಸಾಲಕ್ಕೆ ಎನ್ನುತ್ತಾನೆ. ಇಟ್ಟಿಗೆ ಭಟ್ಟಿಯಿಂದ ಹಬ್ಬಕ್ಕೆ ಊರಿಗೆ ಹೋಗುವುದಾದರೆ ಹೆಂಡತಿಯನ್ನೋ ಮಗುವನ್ನೋ ಬಿಟ್ಟು ಹೋಗಬೇಕು. ಅದೇ ಅಡಮಾನ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಸಾಲ ಕೊಡುವುದು ಅಪರಾಧವಲ್ಲ. ಸಾಲದ ನೆಪದಲ್ಲಿ ಬೇರೆ ಕಡೆ ದುಡಿಯುವ, ಓಡಾಡುವ ಸ್ವಾತಂತ್ರ್ಯ ಕಿತ್ತುಕೊಂಡರೆ ಅದು ಜೀತ. ಅಂಥ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ. ಅದು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆಯೂ ಕೊಟ್ಟವನದೇ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತು. ಆದರೂ ತಾಲ್ಲೂಕು ಕಚೇರಿಯಲ್ಲಿ ಇದು ‘ಕೂಲಿ ತಗಾದೆ’ ಆಗಿಬಿಡುತ್ತದೆ. ಬಿಡುಗಡೆ ಪತ್ರ ಕೈಗೆ ಸಿಗದಿದ್ದರೆ ಪುನರ್ವಸತಿ ಹಣವೂ ಇಲ್ಲ. ಬಿಡಿಸಿಕೊಂಡು ಬಂದವನು ಮತ್ತೆ ಅದೇ ಮೇಸ್ತ್ರಿಯ ಬಾಗಿಲಿಗೆ ಹೋಗುತ್ತಾನೆ.

ಆಯ್ದಕ್ಕಿ ದಂಪತಿಗಳ ಕಥೆ ನಮಗೆಲ್ಲ ಗೊತ್ತು. ಮಾರಯ್ಯ ಹೆಚ್ಚಿಗೆ ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬಾ ಎಂದಳು. ನಾವು ಇದನ್ನು ನಿರಾಸೆಯ ಪಾಠವಾಗಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಮಾತೂ ಇದೆ. ಎಷ್ಟು ಬೇಕು, ಎಷ್ಟು ಸಾಕು ಎಂದು ನಿರ್ಧರಿಸಿದವರು ದುಡಿದವರೇ, ದುಡಿಸಿಕೊಂಡವರಲ್ಲ. ಆ ಹಕ್ಕು ಇದ್ದುದರಿಂದಲೇ ಅವರದು ಕಾಯಕ. ಬಡವನಿಗೆ ಆ ಹಕ್ಕು ಕೊಡದೆ ಕಾಯಕದ ಮಹಿಮೆ ಮಾತ್ರ ಬೋಧಿಸುವುದು ಶರಣರಿಗೆ ಮಾಡುವ ಅಪಚಾರ.

ಆದ್ದರಿಂದ ನನ್ನ ಮನವಿ ಮೊದಲು ನಮ್ಮ ಮಠಗಳಿಗೆ, ನಮ್ಮ ಮನೆಗಳಿಗೆ. ಮಠದ ಕಲ್ಯಾಣ ಮಂಟಪ, ವಸತಿ ನಿಲಯ ಕಟ್ಟುವಾಗ ಗುತ್ತಿಗೆದಾರನನ್ನು ಕೇಳೋಣ: ಕೂಲಿಗಳ ಮೇಲೆ ಮುಂಗಡ ಎಷ್ಟಿದೆ? ಕೂಲಿ ಯಾರ ಕೈಗೆ ಸೇರುತ್ತದೆ? ಇಟ್ಟಿಗೆ ಯಾವ ಭಟ್ಟಿಯದು? ಉತ್ತರ ಬರದಿದ್ದರೆ ಆ ಗುತ್ತಿಗೆ ಬೇಡ. ಮನೆಗೆಲಸದಾಕೆಗೆ ಸಾಲ ಕೊಟ್ಟರೆ ಚೀಟಿ ಬರೆದು ಆಕೆಗೂ ಒಂದು ಪ್ರತಿ ಕೊಡೋಣ. ‘ತೀರುವ ತನಕ ಬಿಡಬೇಡ’ ಎಂಬ ಷರತ್ತು ಬೇಡ. ಮಕ್ಕಳು ದುಡಿಯುವುದು ಕಂಡರೆ 1098ಕ್ಕೆ ಕರೆ ಮಾಡೋಣ. ಜೀತದ ಸುಳಿವು ಸಿಕ್ಕರೆ ಉಪವಿಭಾಗಾಧಿಕಾರಿಗೆ ಲಿಖಿತ ದೂರು ಕೊಟ್ಟು, ಬಿಡುಗಡೆ ಪತ್ರ ಬರುವವರೆಗೆ ಆ ಕುಟುಂಬದ ಜೊತೆ ನಿಲ್ಲೋಣ.

ದಾಸೋಹದ ಅನ್ನ ಯಾರದೋ ಜೀತದಿಂದ ಬರಬಾರದು. ಆ ಎಚ್ಚರ ನಮ್ಮಲ್ಲಿದ್ದರೆ ಮಾತ್ರ ಕಾಯಕ ಎಂಬ ಮಾತಿಗೆ ಬೆಲೆ.