ಟೂಲ್ ವಿವರಣೆಗೂ ಪರೀಕ್ಷೆ ಯಾಕೆ ಎನ್ನುವವರಿಗೆ

ಇಂದಿರಾನಗರದಿಂದ ಕೆ.ಆರ್. ಪುರದ ತನಕ ಹಳೇ ಮದ್ರಾಸ್ ರಸ್ತೆಯ ಆಸುಪಾಸಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಪುಲ್ ರಿಕ್ವೆಸ್ಟ್ ಕಾಯುವ ಕೆಲಸ ನಿಧಾನಕ್ಕೆ ಎಐ ಏಜೆಂಟುಗಳ ಪಾಲಾಗುತ್ತಿದೆ. ಇದರಲ್ಲಿ ಅಚ್ಚರಿಯಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊದವರು ರಿವ್ಯೂ ಬರೆಯುವ ಹೊತ್ತಿಗೆ ಇಲ್ಲಿ ಎಲ್ಲರೂ ಮಲಗಿರುತ್ತಾರೆ. ಚೆಕ್ ಬಿತ್ತೇ, ಯಾರಾದರೂ ಪ್ರಶ್ನೆ ಕೇಳಿದರೇ ಎಂದು ರಾತ್ರಿಯಿಡೀ ನೋಡಿಕೊಳ್ಳಲು ಯಾರೋ ಒಬ್ಬರು ಬೇಕು. ಆ ಏಜೆಂಟಿನ ಕೈಗೆ ಕೊಡುವ ಟೂಲ್‌ಗಳ ವಿವರಣೆಯನ್ನು ಕೋಡಿನಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು ಎಂಬುದು ನನ್ನ ವಾದ. ಅದಕ್ಕೆ ಬಂದಿರುವ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

"ಯುನಿಟ್ ಟೆಸ್ಟ್ ಎಲ್ಲ ಹಸಿರು. ವಿವರಣೆ ಅನ್ನೋದು ಬರೀ ಕಾಮೆಂಟು" ಎನ್ನುವುದು ಮೊದಲನೆಯದು. ಕಾಮೆಂಟನ್ನು ಕಂಪೈಲರ್ ಓದುವುದಿಲ್ಲ. ಏಜೆಂಟ್ ಓದುವುದೇ ವಿವರಣೆಯನ್ನು. ಟೂಲಿನ ಒಳಗಿನ ಕೋಡ್ ಅದಕ್ಕೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಹೆಸರು, ವಿವರಣೆ, ಯಾವ ಮಾಹಿತಿ ಕೊಡಬೇಕೆಂಬ ಪಟ್ಟಿ, ಇಷ್ಟೇ ಅದರ ಪ್ರಪಂಚ. ಶಿವಾಜಿನಗರ ನಿಲ್ದಾಣದಲ್ಲಿ ಬರೀ 'ವೈಟ್‌ಫೀಲ್ಡ್' ಎಂದಿರುವ ಬೋರ್ಡ್ ನೋಡಿ ಬಸ್ ಹತ್ತಿದವನಿಗೆ, ಅದು ಕೆ.ಆರ್. ಪುರದ ಮೇಲೆ ಹೋಗುತ್ತದೋ ಎಚ್.ಎ.ಎಲ್. ಮೇಲೆ ಹೋಗುತ್ತದೋ ತಿಳಿಯದಿದ್ದರೆ, ಎಂಜಿನ್ ಚೆನ್ನಾಗಿದೆ ಎಂದು ಸಮಾಧಾನ ಹೇಳುತ್ತೀರಾ?

ಗಿಟ್‌ಹಬ್ಬನ್ನೇ ತೆಗೆದುಕೊಳ್ಳಿ. ಪುಲ್ ರಿಕ್ವೆಸ್ಟ್ ಮರ್ಜ್ ಆಗುತ್ತದೆಯೇ ಎಂದು ಅದರ ಎಪಿಐಯನ್ನು ಕೇಳಿದರೆ ಮೂರು ಉತ್ತರ ಸಾಧ್ಯ: ಹೌದು, ಇಲ್ಲ, ಅಥವಾ ನಲ್. ನಲ್ ಎಂದರೆ ಇನ್ನೂ ಲೆಕ್ಕ ಹಾಕುತ್ತಿದ್ದೇನೆ, ಸ್ವಲ್ಪ ತಡೆದು ಕೇಳಿ ಎಂದರ್ಥ. ವಿವರಣೆಯಲ್ಲಿ ಈ ಒಂದು ಸಾಲು ಇಲ್ಲದಿದ್ದರೆ ಏಜೆಂಟ್ ನಲ್ಲನ್ನು 'ಇಲ್ಲ' ಎಂದು ಓದಿ, ಇಲ್ಲದ ಕಾನ್ಫ್ಲಿಕ್ಟ್ ಬಿಡಿಸಲು ಹೊರಡಬಹುದು. ಕಾಮೆಂಟುಗಳ ಕಥೆಯೂ ಹೀಗೇ. ಗಿಟ್‌ಹಬ್ಬಿನ ಲೆಕ್ಕದಲ್ಲಿ ಪ್ರತಿ ಪುಲ್ ರಿಕ್ವೆಸ್ಟೂ ಒಂದು ಇಶ್ಯೂ. ಆದ್ದರಿಂದ ಮಾತುಕತೆಯ ಕಾಮೆಂಟು ಇಶ್ಯೂ ಕಡೆಯ ಎಪಿಐನಲ್ಲಿ ಸಿಗುತ್ತದೆ, ಕೋಡಿನ ಸಾಲಿಗೆ ಅಂಟಿಸಿದ ಕಾಮೆಂಟು ಇನ್ನೊಂದರಲ್ಲಿ. 'ಕಾಮೆಂಟುಗಳನ್ನು ತರುತ್ತದೆ' ಎಂದಷ್ಟೇ ಬರೆದ ಟೂಲ್ ಒಂದನ್ನು ಮಾತ್ರ ತಂದರೆ, ಏಜೆಂಟ್ 'ಯಾರೂ ಏನೂ ಹೇಳಿಲ್ಲ' ಎಂದು ವರದಿ ಮಾಡುತ್ತದೆ, ಅದೂ ಬಹಳ ಆತ್ಮವಿಶ್ವಾಸದಿಂದ. ಬಿಟ್ಟುಹೋದ ಚೆಕ್ಕುಗಳದ್ದು ಇನ್ನೂ ಸಿಕ್ಕು. ಷರತ್ತಿನಿಂದಾಗಿ ಓಡದ ಜಾಬ್ ಕಡ್ಡಾಯದ್ದಾಗಿದ್ದರೂ ಮರ್ಜ್ ತಡೆಯುವುದಿಲ್ಲ. ಆದರೆ ಫೈಲ್ ಪಾತ್ ನೋಡಿ ಇಡೀ ವರ್ಕ್‌ಫ್ಲೋ ಓಡದೆ ಉಳಿದರೆ ಕಡ್ಡಾಯದ ಚೆಕ್ ಪೆಂಡಿಂಗ್‌ನಲ್ಲೇ ಕೂತು ದಾರಿ ಕಟ್ಟುತ್ತದೆ. ಇವುಗಳಲ್ಲಿ ಯಾವುದನ್ನೂ ನಿಮ್ಮ ಯುನಿಟ್ ಟೆಸ್ಟ್ ಹಿಡಿಯುವುದಿಲ್ಲ, ಏಕೆಂದರೆ ಟೂಲ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ.

"ಮುಂದಿನ ಮಾಡೆಲ್ ಬಂದರೆ ತಾನೇ ಸರಿಹೋಗುತ್ತೆ." ಗಿಟ್‌ಹಬ್ ವಿಚಾರದಲ್ಲಿ ಅರ್ಧ ನಿಜ, ಅದರ ಕೈಪಿಡಿಗಳು ಬಹಿರಂಗವಾಗಿವೆ, ಮಾಡೆಲ್ ಓದಿಕೊಂಡಿರುತ್ತದೆ. ನೀವು ಕಚೇರಿಯೊಳಗೆ ಕಟ್ಟಿಕೊಂಡ ಟೂಲನ್ನು ಅದು ಎಲ್ಲಿ ಓದಿರುತ್ತದೆ? ಹೆಚ್ಚು ಜಾಣ ಮಾಡೆಲ್ ಹೆಚ್ಚು ನಯವಾಗಿ ಊಹಿಸುತ್ತದೆ, ಅಷ್ಟೆ. ನಯವಾದ ತಪ್ಪು ರಿವ್ಯೂನಲ್ಲಿ ಸಿಕ್ಕಿಬೀಳುವುದು ಕಷ್ಟ.

"ಹಾಗಾದರೆ ಎಲ್ಲಾ ಉದ್ದುದ್ದ ಬರೆದುಬಿಡಿ." ಬರೆಯಬಹುದು. ಆ ಉದ್ದವೆಲ್ಲ ಏಜೆಂಟಿನ ಕಾಂಟೆಕ್ಸ್ಟ್‌ನಲ್ಲಿ ಜಾಗ ತಿನ್ನುತ್ತದೆ. ಯಾವ ಸಾಲು ಕೆಲಸಕ್ಕೆ ಬಂತು, ಯಾವುದು ಗೊಂದಲ ಹೆಚ್ಚಿಸಿತು ಎಂಬುದು ಪರೀಕ್ಷಿಸದೆ ಗೊತ್ತಾಗುವುದಿಲ್ಲ.

"ಒಂದೊಂದು ಸಲ ಒಂದೊಂದು ಉತ್ತರ ಕೊಡುವುದನ್ನು ಹೇಗ್ರೀ ಪರೀಕ್ಷಿಸೋದು?" ಇದು ಗಟ್ಟಿ ಆಕ್ಷೇಪ. ಕೊನೆಯ ಉತ್ತರದ ಭಾಷೆಗೆ ಅಂಕ ಕೊಡಲು ಹೊರಟರೆ ನಿಜಕ್ಕೂ ಸೋಲುತ್ತೇವೆ. ಯಾವ ಟೂಲನ್ನು ಕರೆಯಿತು, ಯಾವ ಮಾಹಿತಿ ಕೊಟ್ಟು ಕರೆಯಿತು ಎಂಬುದನ್ನು ಎಣಿಸಬಹುದು. ಹಳೆಯ ಪುಲ್ ರಿಕ್ವೆಸ್ಟುಗಳ ಎಪಿಐ ಉತ್ತರಗಳನ್ನು ಉಳಿಸಿಟ್ಟುಕೊಂಡು ಅವುಗಳ ಮೇಲೇ ಓಡಿಸಿ. ಗಿಟ್‌ಹಬ್ ಎಪಿಐನ ಗಂಟೆಗೆ 5,000 ಕರೆಗಳ ಮಿತಿಯೂ ಅಡ್ಡ ಬರುವುದಿಲ್ಲ. ವಿವರಣೆಯ ಒಂದೇ ವಾಕ್ಯ ಬದಲಿಸಿ, ಮತ್ತೆ ಹಲವು ಸಲ ಓಡಿಸಿ, ಪ್ರಮಾಣ ಹೋಲಿಸಿ. ಸುಮ್ಮನಿರುವುದೇ ಸರಿಯಾದ ಸಂದರ್ಭಗಳೂ ಅದರಲ್ಲಿರಲಿ. ಬಾಟ್ ಒಂದು ಡಿಪೆಂಡೆನ್ಸಿ ಏರಿಸಿ ಕಮಿಟ್ ಹಾಕಿದೆ ಎಂದು ರಾತ್ರಿ ಎರಡಕ್ಕೆ ಹಲಸೂರಿನಲ್ಲಿ ಯಾರದೋ ಫೋನ್ ಬಡಿದುಕೊಳ್ಳಬೇಕಿಲ್ಲ. ಟೋಕನ್ನಿಗೆ ದುಡ್ಡು ಹೋಗುತ್ತದೆ, ಒಪ್ಪಿದೆ.

"ನಾವು ಬರೆದದ್ದಲ್ಲ, ಹೊರಗಿನ ಎಂಸಿಪಿ ಸರ್ವರ್, ಜವಾಬ್ದಾರಿ ಅವರದು." ಏಜೆಂಟಿಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಎಂಸಿಪಿ ಎಂಬ ಮಾನದಂಡವನ್ನು ಆಂಥ್ರೋಪಿಕ್ ಬಿಡುಗಡೆ ಮಾಡಿದ್ದು 2024ರ ನವೆಂಬರಿನಲ್ಲಿ. 2025ರ ಏಪ್ರಿಲ್ ಹೊತ್ತಿಗೇ ಭದ್ರತಾ ಸಂಶೋಧನೆ ಮಾಡುವ ಇನ್ವೇರಿಯಂಟ್ ಲ್ಯಾಬ್ಸ್‌ನವರು ವಿವರಣೆಯೊಳಗೇ ಗುಪ್ತ ಆಜ್ಞೆ ಬಚ್ಚಿಟ್ಟು ಏಜೆಂಟನ್ನು ದಾರಿ ತಪ್ಪಿಸಬಹುದೆಂದು ತೋರಿಸಿದರು. ಒಮ್ಮೆ ಒಪ್ಪಿಗೆ ಪಡೆದ ಮೇಲೆ ಸರ್ವರ್ ತನ್ನ ವಿವರಣೆಯನ್ನು ಸದ್ದಿಲ್ಲದೆ ಬದಲಿಸಬಹುದೆಂದೂ ಎಚ್ಚರಿಸಿದರು. ರೆಪೊಸಿಟರಿಯ ಕೀಲಿ ನಮ್ಮದು, ಹೋಗುವ ಕೋಡ್ ನಮ್ಮದು, ಜವಾಬ್ದಾರಿ ಮಾತ್ರ ಅವರದೇ? ಹೊರಗಿನ ವಿವರಣೆಯ ಒಂದು ಪ್ರತಿ ನಮ್ಮ ರೆಪೊಸಿಟರಿಯಲ್ಲಿರಲಿ. ಅದು ಬದಲಾದರೆ ಪುಲ್ ರಿಕ್ವೆಸ್ಟ್ ಆಗಿಯೇ ಬರಲಿ, ಪರೀಕ್ಷೆ ಮತ್ತೆ ಓಡಲಿ, ಆ ಒಂದಕ್ಕೆ ಒಪ್ಪಿಗೆ ಕೊಡುವವರು ಮನುಷ್ಯರಾಗಿರಲಿ.