ಚಳಿಗೆ ಲಾರಿಯ ಗೇರ್ ಬಿಗಿಯಾದರೆ ಗೇರ್‌ಬಾಕ್ಸ್ ಕೆಟ್ಟಿದೆಯೇ?

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ರಸ್ತೆ ರಾಷ್ಟ್ರೀಯ ಹೆದ್ದಾರಿ 52ರ ಭಾಗ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಇಲ್ಲಿ ತಾಪಮಾನ 15 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಆಗ ಲಾರಿಯ ಗೇರ್ ಬಿಗಿಯಾಗುತ್ತದೆ. ‘ಅರ್ಧ ಗಂಟೆ ಎಂಜಿನ್ ಓಡಲಿ, ಗೇರ್‌ಬಾಕ್ಸ್ ಬಿಸಿಯಾಗುತ್ತದೆ’ ಎನ್ನುವವರು ಒಬ್ಬರಾದರೆ, ‘ಬಾಕ್ಸ್ ಬಿಚ್ಚಲೇಬೇಕು’ ಎಂದು ದೊಡ್ಡ ಖರ್ಚಿಗೆ ದಾರಿ ಮಾಡುವವರು ಇನ್ನೊಬ್ಬರು. ಸಾಮಾನ್ಯವಾಗಿ ಎರಡೂ ಬೇಕಿಲ್ಲ.

ಮೂಲ ಕಾರಣ ಎಣ್ಣೆ. ಲಾರಿಗಳಲ್ಲಿ ಬಳಸುವ 80ಡಬ್ಲ್ಯೂ-90 ಗೇರ್ ಆಯಿಲ್ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಹತ್ತು ಪಟ್ಟು ಮಂದ. 15 ಡಿಗ್ರಿಗೆ ಬಂದರೆ ಅದರ ಮೇಲೂ ಕೆಲವು ಪಟ್ಟು. ಗೇರ್ ಹಾಕುವಾಗ ಸಿಂಕ್ರೊನೈಜರ್ ಉಂಗುರವು ಈ ಎಣ್ಣೆಯ ಪದರವನ್ನು ಹಿಂಡಿ ಹೊರಹಾಕಿದ ಮೇಲೆಯೇ ಕೋನ್ ಮೇಲೆ ಹಿಡಿತ ಸಿಗುತ್ತದೆ. ಜೇನಿನಂತಾದ ಎಣ್ಣೆ ಬೇಗ ಜಾರುವುದಿಲ್ಲ, ಅಷ್ಟೇ.

ಆಟೊಮ್ಯಾಟಿಕ್ ಗಾಡಿಯ ವರ್ತನೆ ಬೇರೆ. ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನಲ್ಲಿ ಎಣ್ಣೆ ತಣ್ಣಗಿದ್ದಾಗ ಕಂಪ್ಯೂಟರ್ ಬೇಕೆಂದೇ ಮೇಲಿನ ಗೇರನ್ನು ತಡಮಾಡುತ್ತದೆ, ಲಾಕಪ್ ಕ್ಲಚ್ಚನ್ನೂ ಹಿಡಿಸುವುದಿಲ್ಲ. ಎಂಜಿನ್ ಹೆಚ್ಚು ಅರಚಿದಂತೆ ಕೇಳಿಸುವುದು ಅದಕ್ಕೇ. ಇದು ದೋಷವಲ್ಲ, ಏರ್ಪಾಡು. ಲಾರಿಗಳಲ್ಲಿ ಹೆಚ್ಚಾಗಿ ಬರುತ್ತಿರುವುದು ಎಎಂಟಿ. ವೋಲ್ವೊದ ಐ-ಶಿಫ್ಟ್ ಇಂಥದ್ದು. ಒಳಗೆ ಮಾಮೂಲಿ ಗೇರುಗಳೇ ಇರುತ್ತವೆ. ಅವನ್ನು ಬದಲಿಸುವ ಕೈ ಮಾತ್ರ ಗಾಳಿಯ ಒತ್ತಡದ್ದು. ರಾತ್ರಿಯಿಡೀ ನಿಂತ ಗಾಡಿಯ ಟ್ಯಾಂಕಿನಿಂದ ಏರ್ ಸ್ವಲ್ಪ ಸ್ವಲ್ಪವಾಗಿ ಇಳಿದಿದ್ದರೆ ಬೆಳಿಗ್ಗೆ ಗೇರ್ ಬೀಳುವುದೇ ಇಲ್ಲ. ಹ್ಯಾಂಡ್ ಬ್ರೇಕ್ ಬಿಡಲೂ ಅದೇ ಏರ್ ಬೇಕು. ಹಾಗಾಗಿ ‘ಬಿಸಿಯಾಗಲಿ’ ಎಂದು ಕಾಯುವಾಗ ನಿಜವಾಗಿ ನಡೆಯುವ ಉಪಯುಕ್ತ ಕೆಲಸ ಏರ್ ತುಂಬುವುದು. ಅದಕ್ಕೆ ಕೆಲವು ನಿಮಿಷ ಸಾಕು. ಅದಕ್ಕೂ ಬಹಳ ಹೊತ್ತು ಹಿಡಿದರೆ ಪೈಪಿನಲ್ಲಿ ಸೋರಿಕೆ ಹುಡುಕಬೇಕು, ಗೇರ್‌ಬಾಕ್ಸ್ ಬಿಚ್ಚಬಾರದು.

ನಿಂತಲ್ಲೇ ಓಡಿಸಿದರೆ ಎಂಜಿನ್ ನಿಧಾನವಾಗಿ ಬಿಸಿಯಾದೀತು. ಆದರೆ ಗೇರ್‌ಬಾಕ್ಸಿನ ಎಣ್ಣೆ ಚೆನ್ನಾಗಿ ಬಿಸಿಯಾಗುವುದು ಗಾಡಿ ಓಡಿ, ಹಲ್ಲುಗಳು ಅದನ್ನು ಕಡೆದಾಗಲೇ. ದೊಡ್ಡ ಲಾರಿ ಸುಮ್ಮನೆ ನಿಂತು ಗಂಟೆಗೆ ಸುಮಾರು 2ರಿಂದ 3 ಲೀಟರ್ ಡೀಸೆಲ್ ಕುಡಿಯುತ್ತದೆ. ತಣ್ಣನೆಯ ಸಿಲಿಂಡರಿನಲ್ಲಿ ಪೂರ್ತಿ ಉರಿಯದ ಡೀಸೆಲ್ ಎಂಜಿನ್ ಆಯಿಲ್ ಸೇರಿ ಅದನ್ನು ನೀರಾಗಿಸುತ್ತದೆ. ಏಪ್ರಿಲ್ 2020ರಿಂದ ಜಾರಿಯಾದ ಬಿಎಸ್-6 ಗಾಡಿಗಳಲ್ಲಿ ಹೊಗೆ ಸೋಸುವ ಫಿಲ್ಟರಿಗೂ ಮಸಿ ಕಟ್ಟುತ್ತದೆ. ಏರ್ ತುಂಬಿದ ಮೇಲೆ ಮೊದಲ ಕೆಲವು ಕಿಲೋಮೀಟರ್ ಕಡಿಮೆ ವೇಗದಲ್ಲಿ, ಎಂಜಿನ್ ಎಳೆಸದೆ ಹೋಗುವುದೇ ಸರಿ. ತಿಕೋಟಾದ ದ್ರಾಕ್ಷಿ ತುಂಬಿಕೊಂಡು ಹೊರಟ ಗಾಡಿಗೂ ಇದೇ ಮಾತು.

ಇನ್ನೊಂದು ತಪ್ಪು ಸಲಹೆ: ‘ನಮ್ಮದು ಬಿಸಿಲ ನಾಡು, ದಪ್ಪ ಎಣ್ಣೆ ಹಾಕಿ.’ ತಯಾರಕರು 90 ಹೇಳಿರುವಲ್ಲಿ 140 ಹಾಕಿಸಿದರೆ ಚಳಿಯಲ್ಲಿ ಗೇರ್ ಬಿಗಿಯಾಗುವ ತೊಂದರೆಯನ್ನು ನಾವೇ ದುಡ್ಡು ಕೊಟ್ಟು ತಂದಂತೆ.

ಗಾಡಿ ಬಿಸಿಯಾಗಿ ಹತ್ತಾರು ಕಿಲೋಮೀಟರ್ ಓಡಿದ ಮೇಲೂ ಗೇರ್ ಬಿಗಿಯಾಗಿದ್ದರೆ, ಎಂಜಿನ್ ಏರಿದರೂ ಗಾಡಿ ಮುಂದೆ ಹೋಗದಿದ್ದರೆ, ಸುಟ್ಟ ವಾಸನೆ ಬಂದರೆ, ಆಗ ಮೆಕ್ಯಾನಿಕ್ ಬಳಿ ಹೋಗಿ. ಹೋದಾಗ ಬೆಳಿಗ್ಗೆ ಎಷ್ಟು ಹೊತ್ತಿಗೆ ಗೇರ್ ಸಡಿಲವಾಗುತ್ತದೆ ಎಂಬುದನ್ನೂ ಹೇಳಿ.