ಹಸುವಿಗೆ ಚುಚ್ಚುಮದ್ದು, ರಣಹದ್ದಿಗೆ ಸಾವು

ನಲವತ್ತು ವರ್ಷಗಳ ಹಿಂದೆ ಹಳ್ಳಿಯಲ್ಲಿ ದನ ಸತ್ತರೆ ಊರಾಚೆಯ ಬಯಲಿಗೆ ಎಳೆದು ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಆಕಾಶದಲ್ಲಿ ಒಂದು ಚುಕ್ಕೆ ಕಾಣಿಸಿಕೊಳ್ಳುತ್ತಿತ್ತು. ಅದು ಹತ್ತಾಗಿ, ಹತ್ತು ಐವತ್ತಾಗಿ ರಣಹದ್ದುಗಳು ಕೆಳಗಿಳಿಯುತ್ತಿದ್ದವು. ಸಂಜೆಗೆ ಉಳಿಯುತ್ತಿದ್ದುದು ಮೂಳೆಯ ಹಂದರ ಮಾತ್ರ. ಇಂದಿನ ವಿದ್ಯಾರ್ಥಿಗಳು ಈ ದೃಶ್ಯವನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಬೇಕಷ್ಟೆ.

1992ರಿಂದ 2007ರೊಳಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇಕಡಾ 99.9ರಷ್ಟು ಕುಸಿಯಿತು. ಸಾವಿರ ಇದ್ದ ಕಡೆ ಒಂದು ಉಳಿದಂತಾಯಿತು! ರಾಜಸ್ಥಾನದ ಭರತಪುರದಲ್ಲಿ ಪಕ್ಷಿತಜ್ಞ ವಿಭು ಪ್ರಕಾಶ್ ಇದನ್ನು ಮೊದಲು ಗುರುತಿಸಿದವರು. ಹಕ್ಕಿಗಳು ಕತ್ತು ಜೋಲು ಹಾಕಿ ಕೂತು, ಕೊನೆಗೆ ಮರದಿಂದ ಉರುಳುತ್ತಿದ್ದವು. ಕೀಟನಾಶಕವೇ, ಹೊಸ ವೈರಸ್ಸೇ ಎಂದು ಅನುಮಾನಗಳೆದ್ದವು. ಉತ್ತರ ಸಿಕ್ಕಿದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ. ಕಾರಣ ಡೈಕ್ಲೋಫೆನಾಕ್ ಎಂಬ ನೋವು ನಿವಾರಕ. ಮಂಡಿನೋವಿಗೆ ಮನುಷ್ಯರೂ ನುಂಗುವ ಔಷಧಿ ಇದು.

ಪಕ್ಷಿಗಳು ಸಾರಜನಕದ ತ್ಯಾಜ್ಯವನ್ನು ಯೂರಿಕ್ ಆಮ್ಲದ ರೂಪದಲ್ಲಿ ಹೊರಹಾಕುತ್ತವೆ ಎಂದು ಜೀವಶಾಸ್ತ್ರದ ಪಾಠದಲ್ಲಿ ಓದಿದ್ದೀರಲ್ಲವೆ? ಡೈಕ್ಲೋಫೆನಾಕ್ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆ. ಹೊರಹೋಗಲಾಗದ ಯೂರಿಕ್ ಆಮ್ಲ ಹೃದಯ, ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಕೂರುತ್ತದೆ. ಕೆಲವೇ ದಿನಗಳಲ್ಲಿ ಸಾವು. ಒಂದೇ ಕಳೇಬರಕ್ಕೆ ಹತ್ತಾರು ಹಕ್ಕಿಗಳು ಮುತ್ತುವುದರಿಂದ, ನೂರರಲ್ಲಿ ಒಂದಕ್ಕಿಂತ ಕಡಿಮೆ ಕಳೇಬರಗಳಲ್ಲಿ ಈ ಔಷಧಿ ಇದ್ದರೂ ಇಷ್ಟು ದೊಡ್ಡ ನಾಶಕ್ಕೆ ಸಾಕೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ರಣಹದ್ದು ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ. ಹೋದದ್ದನ್ನು ತುಂಬಿಕೊಳ್ಳುವುದು ಹೇಗೆ?

2006ರಲ್ಲಿ ಭಾರತ ಸರ್ಕಾರ ಜಾನುವಾರುಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು ನಿಷೇಧಿಸಿತು. ರಣಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಆ ಹೊತ್ತಿಗೆ ಸಿದ್ಧವಿತ್ತು. ಆದರೆ ಮನುಷ್ಯರಿಗೆಂದು ಮಾರುವ 30 ಮಿಲಿಲೀಟರಿನ ದೊಡ್ಡ ಸೀಸೆಗಳು ಔಷಧಿ ಅಂಗಡಿಯಲ್ಲಿ ಉಳಿದೇ ಇದ್ದವು. ಒಬ್ಬ ಮನುಷ್ಯನಿಗೆ ಅಷ್ಟು ಚುಚ್ಚುಮದ್ದು ಏಕೆ ಬೇಕು ಎಂದು ಯಾರೂ ಕೇಳಲಿಲ್ಲ. ಅವು ಕೊಟ್ಟಿಗೆಗೆ ಹೋದವು. ಸೀಸೆಯನ್ನು 3 ಮಿಲಿಲೀಟರಿಗೆ ಮಿತಿಗೊಳಿಸುವ ಆದೇಶ ಬಂದದ್ದು 2015ರಲ್ಲಿ. ಒಂದು ಸಣ್ಣ ತಿದ್ದುಪಡಿಗೆ ಒಂಬತ್ತು ವರ್ಷ! ಅಸಿಕ್ಲೋಫೆನಾಕ್ ಎಂಬ ಇನ್ನೊಂದು ಔಷಧಿ ಹಸುವಿನ ದೇಹ ಸೇರಿ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಅದನ್ನೂ ಕೀಟೊಪ್ರೊಫೆನ್ ಅನ್ನೂ ಜಾನುವಾರುಗಳಿಗೆ ನಿಷೇಧಿಸಿದ್ದು 2023ರಲ್ಲಿ.

ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ‘ಶೋಲೆ’ ಚಿತ್ರದ ಬಂಡೆಗಳೆಂದು ಪ್ರವಾಸಿಗಳು ನೋಡುವ ಆ ಪ್ರದೇಶ ಉದ್ದ ಕೊಕ್ಕಿನ ರಣಹದ್ದಿನ ನೆಲೆ. ಆದರೆ ಧಾಮದ ಗಡಿ ಹಕ್ಕಿಗೆ ತಿಳಿಯುವುದಿಲ್ಲ. ಆಹಾರಕ್ಕಾಗಿ ಅದು ಹತ್ತಾರು ಕಿಲೋಮೀಟರ್ ಹಾರುತ್ತದೆ. ಯಾವ ಊರಿನ, ಯಾರ ಮನೆಯ ಹಸು ಸತ್ತಿದೆಯೋ ಅಲ್ಲಿಗೆ ಇಳಿಯುತ್ತದೆ.

ಪರಿಸರ ಶಿಕ್ಷಣ ಶಾಲೆಗಳಲ್ಲಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು. ಪಾಠವೇನೋ ಬಂದಿದೆ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಎಂದು ಆಹಾರ ಸರಪಳಿ ಬರೆದರೆ ಅಂಕವೂ ಸಿಗುತ್ತದೆ. ಸತ್ತದ್ದನ್ನು ತಿಂದು ನೆಲವನ್ನು ಚೊಕ್ಕಟವಾಗಿಡುವ ಪ್ರಾಣಿಗಳಿಗೆ ಮಾತ್ರ ಅರ್ಧ ಸಾಲು. ರಣಹದ್ದುಗಳಿಲ್ಲದೆ ಉಳಿದ ಕಳೇಬರಗಳ ಮೇಲೆ ಬೀದಿನಾಯಿಗಳು ಬೆಳೆದವು, ಜೊತೆಗೆ ಹುಚ್ಚುನಾಯಿ ಕಡಿತದ ಭಯವೂ ಬೆಳೆಯಿತು. ಇದನ್ನು ಯಾವ ಪರೀಕ್ಷೆಯೂ ಕೇಳುವುದಿಲ್ಲ.

ಹಸುವಿಗೆ ಬಾವು ಬಂದಾಗ ಅಪ್ಪ ಔಷಧಿ ಅಂಗಡಿಗೆ ಕಳಿಸುವುದು ಸಾಮಾನ್ಯವಾಗಿ ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ. ಪಶುವೈದ್ಯರ ಚೀಟಿಯಿಲ್ಲದೆ ಔಷಧಿ ತರಬಾರದು. ಮೆಲಾಕ್ಸಿಕ್ಯಾಮ್ ಆದೀತೇ ಎಂದು ವೈದ್ಯರನ್ನು ಕೇಳಬಹುದು. ಬೇರೆ ನೋವು ನಿವಾರಕ ಪಡೆದ ಹಸು ಕೆಲವೇ ದಿನಗಳಲ್ಲಿ ಸತ್ತರೆ ಆಳವಾಗಿ ಹೂಳಬೇಕು. ಸೀಸೆಯ ಮೇಲಿನ ಹೆಸರು ಓದಲು ಏಳನೆಯ ತರಗತಿಯ ಇಂಗ್ಲಿಷ್ ಸಾಕು.